ಬೀರುವಿನ ಬೀಗ ತೆಗೆಸಿ, ಹೈಸ್ಕೂಲು ಮಕ್ಕಳಿಗೆ ಅವರ ಕತೆ ಕೊಡಿಸಿ



ನಿಮ್ಮೂರಿನ ಸರ್ಕಾರಿ ಪ್ರೌಢಶಾಲೆಗೆ ಒಂದು ಸಲ ಹೋಗಿ, ಲೈಬ್ರರಿ ಎಲ್ಲಿದೆ ಅಂತ ಕೇಳಿ. ಹೆಡ್‌ಮಾಸ್ಟರ ಕೊಠಡಿಯಲ್ಲೋ ಸ್ಟಾಫ್ ರೂಮಿನ ಮೂಲೆಯಲ್ಲೋ ನಿಂತಿರುವ ಕಬ್ಬಿಣದ ಬೀರುವನ್ನು ತೋರಿಸುತ್ತಾರೆ. ಬೀಗದ ಕೈ ಕನ್ನಡ ಮೇಷ್ಟ್ರ ಹತ್ತಿರ ಇದೆ, ಅವರು ಇವತ್ತು ತರಬೇತಿಗೆ ಹೋಗಿದ್ದಾರೆ ಅನ್ನುತ್ತಾರೆ. ಬಿಡದೆ ಇನ್ನೊಂದು ದಿನ ಹೋಗಿ ಬೀಗ ತೆಗೆಸಿದಿರಿ ಅನ್ನಿ. ಒಳಗೆ ಒಬ್ಬರೇ ಮಹಾಪುರುಷರ ಒಂದೇ ಜೀವನಚರಿತ್ರೆಯ ಆರೇಳು ಪ್ರತಿ, ಹೊಲಿಗೆ ಕೂಡ ಸಡಿಲವಾಗದ ಹಾಗೆ. ನೀತಿಕತೆ, ತೆನಾಲಿ ರಾಮ, ಅಕ್ಬರ್–ಬೀರಬಲ್. ಯಾವುದೋ ವರ್ಷದ ಸಾಮಾನ್ಯ ಜ್ಞಾನ. ಬದಲಾಗಿ ಹೋದ ಸಿಲೆಬಸ್ಸಿನ ಪಠ್ಯಪುಸ್ತಕಗಳ ಕಟ್ಟು. ಯಾರೂ ಎತ್ತಲಾರದ ಎರಡು ದಪ್ಪ ಸಂಪುಟ. ಯಾವುದಾದರೊಂದು ಪುಸ್ತಕ ತೆಗೆದು ಮೊದಲ ಪುಟ ನೋಡಿ: ಶಾಲೆಯ ಮೊಹರು, ದಾಸ್ತಾನು ನಂಬರು, ಸಹಿ, ಎಲ್ಲ ಅಚ್ಚುಕಟ್ಟು. ಕೊನೆಯ ಪುಟಕ್ಕೆ ಅಂಟಿಸಿದ ದಿನಾಂಕದ ಚೀಟಿ ನೋಡಿ. ಅದರಲ್ಲಿ ಒಂದು ತಾರೀಕೂ ಬಿದ್ದಿರುವುದಿಲ್ಲ.

ಎಲ್ಲ ಶಾಲೆಯೂ ಹೀಗೇ ಇದೆ ಎಂದು ನಾವು ಹೇಳುವುದಿಲ್ಲ. ಸ್ವಂತ ಸಂಬಳದಲ್ಲಿ ಪುಸ್ತಕ ತಂದು, ತರಗತಿಯ ಕಿಟಕಿಗೆ ಹಗ್ಗ ಕಟ್ಟಿ ನೇತುಹಾಕಿ, 'ತಗೊಳ್ರೋ, ಓದಿ ಹರಿದರೂ ಪರವಾಗಿಲ್ಲ' ಎನ್ನುವ ಮೇಷ್ಟ್ರುಗಳು, ಟೀಚರುಗಳು ಈ ನಾಡಿನಲ್ಲಿದ್ದಾರೆ. ಅವರಿಗೆ ಕೈ ಮುಗಿಯುತ್ತೇವೆ. ಆದರೆ ಅಂಥ ಮೇಷ್ಟ್ರು ವರ್ಗವಾಗಿ ಹೋದ ಮುಂದಿನ ತಿಂಗಳೇ ಹಗ್ಗ ಬಿಚ್ಚಿ ಪುಸ್ತಕಗಳು ಮತ್ತೆ ಬೀರು ಸೇರುವುದಾದರೆ ಅದಕ್ಕೆ ವ್ಯವಸ್ಥೆ ಎನ್ನುವುದಿಲ್ಲ, ಅದೃಷ್ಟ ಎನ್ನುತ್ತಾರೆ. ನಮ್ಮ ಮಕ್ಕಳ ಓದು ವರ್ಗಾವಣೆ ಕೌನ್ಸೆಲಿಂಗಿನ ಮೇಲೆ ನಿಂತಿರಬಾರದು.

ಏಳನೇ ಕ್ಲಾಸು ದಾಟಿದ ಮೇಲೆ ಕತೆ ಎಲ್ಲಿ ಹೋಯಿತು?

ಸಣ್ಣ ಮಕ್ಕಳ ಮಟ್ಟಿಗೆ ಕಾಲ ಎಷ್ಟೋ ಸುಧಾರಿಸಿದೆ. ನ್ಯಾಷನಲ್ ಬುಕ್ ಟ್ರಸ್ಟ್ ಬಹಳ ಹಿಂದಿನಿಂದ ಕನ್ನಡದಲ್ಲಿ ಮಕ್ಕಳ ಪುಸ್ತಕ ತರುತ್ತಿದೆ. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಬಣ್ಣದ ಚಿತ್ರಗಳ ತೆಳು ಪುಸ್ತಕಗಳನ್ನು ಬಡವರ ಕೈಗೂ ಎಟುಕುವ ಬೆಲೆಗೆ ಕೊಟ್ಟಿತು. ಮೂರನೇ ಕ್ಲಾಸಿನ ಮಗುವಿಗೆ ಇವತ್ತು ಕನ್ನಡದಲ್ಲಿ ಓದಲು ಏನೂ ಇಲ್ಲ ಎನ್ನುವ ಹಾಗಿಲ್ಲ.

ತೊಂದರೆ ಶುರುವಾಗುವುದು ಹದಿಮೂರಕ್ಕೆ. ದನಿ ಒಡೆಯುವ, ಮುಟ್ಟು ಶುರುವಾಗುವ, ಕಾರಣವಿಲ್ಲದೆ ಸಿಟ್ಟು ಬರುವ, ಬೆಂಚಿನ ಆ ಕಡೆಯವರನ್ನು ಕದ್ದು ನೋಡುವ ವಯಸ್ಸು ಅದು. ನಮ್ಮಪ್ಪನನ್ನು ಆ ಮನೆಯವರು ಯಾಕೆ ಏಕವಚನದಲ್ಲಿ ಕರೆಯುತ್ತಾರೆ, ನನ್ನ ಗೆಳತಿ ಯಾಕೆ ಇದ್ದಕ್ಕಿದ್ದಂತೆ ಶಾಲೆ ಬಿಟ್ಟಳು, ಹಬ್ಬದ ದಿನ ಊರಿನ ಒಂದು ಬೀದಿಗೆ ಮಾತ್ರ ತೇರು ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗಳು ಮೊದಲ ಸಲ ಏಳುವುದೂ ಆಗಲೇ. ಈ ಪ್ರಶ್ನೆ ಇಟ್ಟುಕೊಂಡು ಹುಡುಗಿಯೊಬ್ಬಳು ಬೀರುವಿನ ಮುಂದೆ ನಿಂತರೆ ಒಂದೋ ತೆನಾಲಿ ರಾಮ ಸಿಗುತ್ತಾನೆ, ಇಲ್ಲವೇ ಎಸ್ಸೆಸ್ಸೆಲ್ಸಿ ಪ್ರಶ್ನೋತ್ತರ ಮಾಲಿಕೆ. ಅಲ್ಲಿಂದ ಮುಂದಕ್ಕೆ ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಗೈಡುಗಳು. ನಡುವಿನ ಐದು ವರ್ಷ ಪೂರಾ ಬಯಲು.

ನಮ್ಮ ತಲೆಮಾರಿಗೆ ಈ ಬಯಲನ್ನು ಶಾಲೆ ತುಂಬಲಿಲ್ಲ, ಪೇಟೆ ತುಂಬಿತು. ಬಸ್‌ಸ್ಟ್ಯಾಂಡ್ ಹತ್ತಿರ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ದಿನಕ್ಕಿಷ್ಟು ಅಂತ ಬಾಡಿಗೆ ಕೊಟ್ಟು ಎನ್. ನರಸಿಂಹಯ್ಯನವರ ಪತ್ತೇದಾರಿ, ತ್ರಿವೇಣಿ, ಆಮೇಲೆ ಯಂಡಮೂರಿ ಎಲ್ಲ ಓದಿ ಮುಗಿಸಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಮನೆಯಲ್ಲಿ ಬೈಸಿಕೊಂಡೇ ಓದಿದೆವು, ಅದರಿಂದ ಕೆಟ್ಟವರನ್ನು ನಾವು ಕಂಡಿಲ್ಲ. ಆ ಅಂಗಡಿಗಳು ಈಗ ಮೊಬೈಲ್ ರಿಚಾರ್ಜ್ ಅಂಗಡಿಗಳಾಗಿವೆ. ಆ ಐದು ವರ್ಷವನ್ನು ಇವತ್ತು ರೀಲ್ಸ್ ತುಂಬುತ್ತಿದೆ. 'ಈಗಿನ ಹುಡುಗರು ಓದುವುದೇ ಇಲ್ಲ ಕಣ್ರೀ' ಎಂದು ಕಟ್ಟೆಯ ಮೇಲೆ ಕೂತು ಗೊಣಗುವ ನಾವು ಅವರ ಕೈಗೆ ಏನು ಕೊಟ್ಟಿದ್ದೇವೆ ಅಂತ ಮೊದಲು ಹೇಳಬೇಕು.

ಇನ್ನೊಂದು ಮಾತು. ಆ ಬೀರುವಿನ ಕತೆಗಳಲ್ಲಿ ಬರುವ ಮಕ್ಕಳು ಯಾರು? ಅಪ್ಪ ಆಫೀಸಿಗೆ ಹೋಗುತ್ತಾರೆ, ಅಮ್ಮ ತಿಂಡಿ ಮಾಡಿಕೊಡುತ್ತಾರೆ, ಬೇಸಿಗೆ ರಜೆಗೆ ಅಜ್ಜನ ಮನೆ, ಅಲ್ಲಿ ತೋಟ, ಮಾವಿನಹಣ್ಣು, ಕೊನೆಗೊಂದು ನೀತಿ. ಆ ಮಕ್ಕಳ ಮೇಲೆ ನಮಗೆ ಕೋಪವಿಲ್ಲ, ಅವರ ಕತೆಯೂ ಬೇಕು. ಆದರೆ ಅದೇ ಶಾಲೆಯ ಹಾಜರಿ ಪುಸ್ತಕ ತೆಗೆದು ಹೆಸರು ಕೂಗಿ ನೋಡಿ. ತಾಂಡಾದಿಂದ ನಡೆದು ಬರುವ ಲಂಬಾಣಿ ಹುಡುಗಿ, ಯಲ್ಲಾಪುರ–ಹಳಿಯಾಳದ ಕಾಡಂಚಿನ ಸಿದ್ದಿ ಹುಡುಗ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳು. ಮನೆಯಲ್ಲಿ ಉರ್ದು, ಬ್ಯಾರಿ, ತುಳು, ಕೊಂಕಣಿ, ಕೊಡವ ಆಡಿ ಶಾಲೆಗೆ ಬಂದು ಕನ್ನಡದಲ್ಲಿ ಪರೀಕ್ಷೆ ಬರೆಯುವವರು. ರಾಯಚೂರು–ಯಾದಗಿರಿ ಕಡೆಯಿಂದ ಅಪ್ಪ ಅಮ್ಮನ ಜೊತೆ ಗುಳೆ ಬಂದು ಬೆಂಗಳೂರಿನ ಅರ್ಧ ಕಟ್ಟಿದ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಮಲಗುವವನು. ಪೌರಕಾರ್ಮಿಕರ ಮಗಳು. ಕಣ್ಣು ಕಾಣದವನು, ಕಿವಿ ಕೇಳದವಳು. ಅಪ್ಪ ಬಿಟ್ಟುಹೋದ ಮನೆಯಲ್ಲಿ ಅಮ್ಮನ ಗಾರ್ಮೆಂಟ್ಸ್ ಸಂಬಳದಲ್ಲಿ ಬೆಳೆಯುವವರು. ಹುಡುಗನ ಮೈಯಲ್ಲಿದ್ದೂ ತಾನು ಹುಡುಗಿ ಎನಿಸಿ, ಅದನ್ನು ಹೇಳಲು ಒಂದು ಪದವೂ ಸಿಗದೆ ಬಾಯಿ ಮುಚ್ಚಿಕೊಂಡಿರುವ ಮಗು. ಹಾಜರಿ ಪುಸ್ತಕದಲ್ಲಿ ಇವರೆಲ್ಲ ಇದ್ದಾರೆ. ಕತೆ ಪುಸ್ತಕದಲ್ಲಿ ಗೈರುಹಾಜರು.

ಇದರಿಂದ ಗೈರುಹಾಜರಾದ ಮಗುವಿಗೆ ಆಗುವ ನಷ್ಟ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಮನೆಯ ಸಂಗತಿ ಬರೆಯುವಷ್ಟು ದೊಡ್ಡದಲ್ಲ ಎಂದು ಅದು ತೀರ್ಮಾನಿಸಿಬಿಡುತ್ತದೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹಾಜರಿರುವ ಮಗುವಿಗೆ ಆಗುವ ನಷ್ಟ. ಅದು ಪಕ್ಕದ ಬೆಂಚಿನವನನ್ನು ಹತ್ತು ವರ್ಷ ನೋಡಿಯೂ ಅವನ ಮನೆಯೊಳಗೆ ಒಂದು ಸಲವೂ ಹೋಗದೆ ದೊಡ್ಡದಾಗುತ್ತದೆ. ಊರಲ್ಲಿ ಹೋಗಲು ಬಿಡುವುದಿಲ್ಲ, ಪುಸ್ತಕದಲ್ಲಾದರೂ ಹೋಗಿಬರಬಹುದಿತ್ತು. ಆಮೇಲೆ ಅದೇ ಮಗು ಮತದಾರ, ನೌಕರ, ಅಧಿಕಾರಿ ಆಗುತ್ತದೆ. ವಾಟ್ಸಾಪಿನಲ್ಲಿ ಬಂದದ್ದನ್ನೇ ಆ ಪಕ್ಕದ ಬೆಂಚಿನವನ ಬಗ್ಗೆ ನಂಬುತ್ತದೆ.

ಪಠ್ಯಪುಸ್ತಕದಲ್ಲಿ ಯಾರ ಪಾಠ ಇರಬೇಕು, ಯಾರದು ಹೋಗಬೇಕು ಎಂದು 2022ರಲ್ಲಿ ರಾಜ್ಯಕ್ಕೆ ರಾಜ್ಯವೇ ಜಗಳವಾಡಿತು. ಸಾಹಿತಿಗಳು ತಮ್ಮ ಪಾಠ ಬೇಡವೆಂದು ಪತ್ರ ಬರೆದರು, ಟೀವಿಯಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಬೀರುವಿನಲ್ಲಿ ಯಾರ ಪುಸ್ತಕ ಇದೆ ಎಂದು ಅಷ್ಟು ಜನರಲ್ಲಿ ಒಬ್ಬರೂ ಕೇಳಿದ್ದು ನಮಗೆ ನೆನಪಿಲ್ಲ.

ಪುಸ್ತಕ ಎಲ್ಲಿದೆ ಅನ್ನುವವರಿಗೆ

'ನೀವು ಹೇಳುವಂಥ ಪುಸ್ತಕ ಕನ್ನಡದಲ್ಲಿ ಇದ್ದರೆ ತಾನೇ' ಎನ್ನುತ್ತಾರೆ. ಇವೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ ಮೊದಲ ವರ್ಷ ಅದು ಬಂದದ್ದು ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ'ಗೆ. ಮಾರನೆಯ ವರ್ಷ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮನೆ ಕಳೆದುಕೊಂಡವರ ಪಾಡನ್ನು ಬದುಕಿಡೀ ಬರೆದವರು ಡಿಸೋಜ. ಇನ್ನು ಸಾಲಾಗಿ ಬಂದದ್ದು ನೋಡಿ: 2019ರಲ್ಲಿ ಚಂದ್ರಕಾಂತ ಕರದಳ್ಳಿಯವರ 'ಕಾಡು ಕನಸಿನ ಬೀದಿಗೆ', 2020ರಲ್ಲಿ ಎಚ್.ಎಸ್. ಬ್ಯಾಕೋಡರ 'ನಾನೂ ಅಂಬೇಡ್ಕರ್', 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಐದು ವರ್ಷ, ಐದೂ ಕಾದಂಬರಿ, ಐದೂ ಮಕ್ಕಳಿಗಾಗಿಯೇ ಬರೆದವು. ದೆಹಲಿಯವರು ಕರೆದು ಫಲಕ ಕೊಟ್ಟ ಈ ಪುಸ್ತಕಗಳಲ್ಲಿ ಎಷ್ಟು ನಿಮ್ಮ ಶಾಲೆಯ ಬೀರುವಿನಲ್ಲಿವೆ? ಇದೊಂದು ಪ್ರಶ್ನೆಯನ್ನು ಮುಂದಿನ ಪೋಷಕರ ಸಭೆಯಲ್ಲಿ ಕೇಳಿದರೂ ಈ ಕರಪತ್ರದ ಖರ್ಚು ಹುಟ್ಟಿತು.

ದೊಡ್ಡವರಿಗೆಂದು ಬರೆದರೂ ಹದಿನಾಲ್ಕು ಹದಿನಾರರ ಕೈಗೆ ಸೊಗಸಾಗಿ ಹೊಂದುವ ಪುಸ್ತಕಗಳು ಬೇರೆ ಇವೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' 1980ರದು. ಅದರಲ್ಲಿ ಒಬ್ಬ ಮಂದಣ್ಣ ಇದ್ದಾನೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಪೋಲಿ, ಜೇನು ಹಿಡಿಯುತ್ತ ಕಾಡು ಸುತ್ತುವವನು. ಅವನಲ್ಲಿ ದೊಡ್ಡ ವಿಜ್ಞಾನಿ ಕರ್ವಾಲೋ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ; ಹಾರುವ ಓತಿಯ ಹಿಂದೆ ಹೊರಟ ತಂಡ ಅವನ ಕಣ್ಣನ್ನು ನೆಚ್ಚಿಕೊಂಡೇ ಹೊರಡುತ್ತದೆ. ಮೂರು ಸಬ್ಜೆಕ್ಟು ಫೇಲಾಗಿ ಹಿಂದಿನ ಬೆಂಚಿನಲ್ಲಿ ಕೂತು, ಯಾವ ಮರದಲ್ಲಿ ಯಾವ ಹಕ್ಕಿ ಮರಿ ಮಾಡಿದೆ ಎಂಬುದನ್ನು ಮಾತ್ರ ಕರಾರುವಾಕ್ಕಾಗಿ ಬಲ್ಲ ಹುಡುಗ ನಿಮ್ಮ ಶಾಲೆಯಲ್ಲೂ ಇರುತ್ತಾನೆ. ಅವನಿಗೆ ಈ ಪುಸ್ತಕ ಕೊಟ್ಟು ನೋಡಿ. ನೂರೈವತ್ತು ಚಿಲ್ಲರೆ ಪುಟ, ನಗಿಸುತ್ತ ಓದಿಸಿಕೊಂಡು ಹೋಗುತ್ತದೆ. ಅವನು ಮುಗಿಸದೆ ಕೆಳಗಿಟ್ಟರೆ ನಮ್ಮನ್ನು ಕೇಳಿ.

ಸಿದ್ದಲಿಂಗಯ್ಯನವರ 'ಊರುಕೇರಿ' ಇನ್ನೊಂದು. ಮಾಗಡಿ ಸೀಮೆಯ ಮಂಚನಬೆಲೆಯ ದಲಿತ ಕೇರಿಯಲ್ಲಿ ಬೆಳೆದ ಹುಡುಗನ ಆತ್ಮಕತೆ. ಶುರುವಿನಲ್ಲೇ ಹೊಲದಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಎಳೆಯುತ್ತಿರುವುದು ಆ ಹುಡುಗನಿಗೆ ಕಾಣುತ್ತದೆ. ಅವರಲ್ಲಿ ಒಬ್ಬರು ಅವನ ಅಪ್ಪ. ಇಷ್ಟು ಹೇಳಿದರೆ ಇದು ಅಳಿಸುವ ಪುಸ್ತಕ ಎಂದುಕೊಳ್ಳುತ್ತೀರಿ. ಹಾಗಿಲ್ಲ. ಪುಟಪುಟಕ್ಕೂ ತಮಾಷೆ, ಕೀಟಲೆ, ಹಾಸ್ಟೆಲ್ಲಿನ ಹುಡುಗಾಟ. ಹಸಿವನ್ನೂ ಅವಮಾನವನ್ನೂ ಇಷ್ಟು ನಗುತ್ತ ಹೇಳಿದ ಪುಸ್ತಕ ಕನ್ನಡದಲ್ಲಿ ಇನ್ನೊಂದು ಇಲ್ಲ ಎಂಬುದು ನಮ್ಮ ತೀರ್ಪು, ಜಗಳಕ್ಕೆ ಬರುವವರು ಬರಬಹುದು. ಇದರ ಜೊತೆಗೆ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಇಡಿ. ಒಂದು ದಕ್ಷಿಣದ ಕೇರಿ, ಒಂದು ಉತ್ತರದ್ದು. ಒಂದು ನಗಿಸಿ ಹೇಳುತ್ತದೆ, ಇನ್ನೊಂದು ಸಿಟ್ಟಿನಲ್ಲಿ ಹೇಳುತ್ತದೆ. ಹತ್ತನೇ ತರಗತಿಯವರಿಗೆ ಎರಡನ್ನೂ ಒಟ್ಟಿಗೆ ಕೊಟ್ಟು, ನಿಮಗೆ ಯಾವುದು ಹೆಚ್ಚು ನಾಟಿತು, ಯಾಕೆ ಅಂತ ಕೇಳಿದರೆ ಒಂದು ವಾರದ ಲೈಬ್ರರಿ ಪಿರಿಯಡ್ಡು ಸಾಲುವುದಿಲ್ಲ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾಸರಗೋಡಿನ ಕಡೆಯ ಕತೆ. ಎಳೆಯ ವಯಸ್ಸಿನಲ್ಲಿ ಮದುವೆಯಾದ ನಾದಿರಾ, ಅಪ್ಪನ ಹಟ, ತಲಾಖಿನ ಕಟ್ಟಳೆ, ಇವುಗಳ ನಡುವೆ ಸಿಕ್ಕಿಬೀಳುವುದು ಅದರ ವಸ್ತು. ನೇಮಿಚಂದ್ರರ 'ಯಾದ್ ವಶೇಮ್'ನಲ್ಲಿ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿ ಕನ್ನಡದ ಮನೆಯೊಂದರಲ್ಲಿ ಬೆಳೆಯುತ್ತಾಳೆ. ಇತಿಹಾಸದ ಪಾಠದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಎರಡನೇ ಮಹಾಯುದ್ಧ ಇಲ್ಲಿ ನಮ್ಮ ಬೀದಿಗೇ ಬಂದು ನಿಲ್ಲುತ್ತದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವ ಕಲಾವಿದೆ ಮಂಜಮ್ಮ ಜೋಗತಿಯವರ ಆತ್ಮಕತೆ 'ನಡುವೆ ಸುಳಿವ ಹೆಣ್ಣು' ಪಿಯುಸಿಯವರಿಗೆ ಆಗುತ್ತದೆ. ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಶಾಲೆ ಶಾಲೆಯಲ್ಲಿ ಫೋಟೋ ತೋರಿಸಿ ಚಪ್ಪಾಳೆ ಹೊಡೆಸಿದೆವು. ಚಪ್ಪಾಳೆಯ ಜೊತೆ ಪುಸ್ತಕವನ್ನೂ ತರಿಸಬಹುದಿತ್ತು. ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಊರೂರಲ್ಲಿ ಅಭಿನಂದನೆಯ ಬ್ಯಾನರ್ ಎದ್ದವು. ಆ ಬ್ಯಾನರಿನ ದುಡ್ಡಿಗೆ ಹತ್ತು ಪುಸ್ತಕ ಬರುತ್ತಿದ್ದವು.

ಕೊರತೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ತಾಂಡಾದ ಹುಡುಗಿಯ, ಸೋಲಿಗರ ಹುಡುಗನ, ಗುಳೆ ಹೋದವರ ಮಕ್ಕಳ ಕತೆಯನ್ನು ಆ ವಯಸ್ಸಿನ ದನಿಯಲ್ಲೇ ಬರೆದವರು ಕಡಿಮೆ. ಅಂಗವಿಕಲ ಮಕ್ಕಳ ಕತೆ ಇನ್ನೂ ಕಡಿಮೆ. ಇದ್ದರೂ 'ಪಾಪ' ಎನ್ನಿಸಲೆಂದೇ ಬರೆದ ಹಾಗಿರುತ್ತದೆ. ಲೇಖಕರೇ, ಪ್ರಕಾಶಕರೇ, ಈ ಮಾತು ನಿಮಗೆ. ಶಾಲೆಗಳು ಕೇಳಲು ಶುರುಮಾಡಿದರೆ ನೀವು ಬರೆಯುತ್ತೀರಿ, ಅಚ್ಚು ಹಾಕುತ್ತೀರಿ. ಕೇಳುವವರಿಲ್ಲದೆ ಇವತ್ತು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿ ಕೂತಿದ್ದೀರಿ.

'ಇಂಥದ್ದೆಲ್ಲ ಮಕ್ಕಳಿಗೆ ಬೇಕಾ?'

ಬೇಕು. ಈ ಪ್ರಶ್ನೆ ಕೇಳುವವರು ನಮ್ಮ ನಡುವೆಯೇ ಇರುವುದರಿಂದ ಸ್ವಲ್ಪ ನಿಂತು ಉತ್ತರ ಕೊಡುತ್ತೇವೆ. ಜಾತಿಯ ಸುದ್ದಿ, ಮುಟ್ಟಿನ ಸುದ್ದಿ, ಪ್ರೀತಿಯ ಸುದ್ದಿ ಓದಿದರೆ ಮಕ್ಕಳ ಮನಸ್ಸು ಕೆಡುತ್ತದೆ ಎನ್ನುವುದು ಅವರ ಭಯ. ಜಾತಿಯನ್ನು ಮಕ್ಕಳು ಕಾದಂಬರಿಯಿಂದ ಕಲಿಯುವುದಿಲ್ಲ ಸ್ವಾಮಿ, ಬಿಸಿಯೂಟ ಯಾರು ಮಾಡಿದರು ಎಂದು ಮನೆಯಲ್ಲಿ ವಿಚಾರಿಸುವುದನ್ನು ಕೇಳಿ ಕಲಿಯುತ್ತಾರೆ. ಹದಿನಾಲ್ಕಕ್ಕೆ ಹುಡುಗಿಯ ಮದುವೆ ಮಾತು ಆಡುವ ಊರುಗಳು ಇನ್ನೂ ಇವೆ. ಅಂಥ ಊರಿನಲ್ಲೇ ಹದಿನಾಲ್ಕರ ಹುಡುಗಿ ಬಾಲ್ಯವಿವಾಹದ ಕಾದಂಬರಿ ಓದಿದರೆ ಕೆಡುತ್ತಾಳಂತೆ! ಅವಳ ಕೈಯಲ್ಲಿರುವ, ಅಥವಾ ಅಣ್ಣನ ಕೈಯಿಂದ ಇಸಿದುಕೊಳ್ಳುವ ಮೊಬೈಲಿನಲ್ಲಿ ಏನೇನಿದೆ ಎಂಬುದು ನಮಗೂ ಗೊತ್ತು, ನಿಮಗೂ ಗೊತ್ತು. ಅದಕ್ಕೆ ಹೋಲಿಸಿದರೆ ಸಾರಾ ಅಬೂಬಕ್ಕರರ ಕಾದಂಬರಿ ಮನೆಯ ಹಿರಿಯಕ್ಕ ಪಕ್ಕದಲ್ಲಿ ಕೂರಿಸಿಕೊಂಡು ಬುದ್ಧಿ ಹೇಳಿದ ಹಾಗೆ.

ಹಾಗಂತ ಎಲ್ಲ ಪುಸ್ತಕ ಎಲ್ಲ ವಯಸ್ಸಿಗೆ ಎಂದು ನಾವು ಹೇಳುತ್ತಿಲ್ಲ. ಎಂಟನೆಯವರಿಗೆ ಕೊಡುವುದು ಬೇರೆ, ಎರಡನೇ ಪಿಯುಸಿಗೆ ಕೊಡುವುದು ಬೇರೆ. ಅದನ್ನು ಯಾರಾದರೂ ಓದಿ ನೋಡಿ ತೀರ್ಮಾನಿಸಬೇಕು. ರಟ್ಟು ನೋಡಿ, ಲೇಖಕರ ಹೆಸರು ನೋಡಿ ತೀರ್ಮಾನಿಸಬಾರದು. ಅಮೆರಿಕದಲ್ಲಿ 2014ರಿಂದ ಎಲ್ಲ ಬಣ್ಣದ, ಎಲ್ಲ ಜನಾಂಗದ ಮಕ್ಕಳ ಪುಸ್ತಕ ಬೇಕೆಂದು ಒಂದು ದೊಡ್ಡ ಚಳವಳಿ ನಡೆದಿದೆ. ಅದಕ್ಕೆ ಎದುರಾಗಿ ಶಾಲಾ ಲೈಬ್ರರಿಯಿಂದ ಪುಸ್ತಕ ತೆಗೆಸುವ ಜಗಳಗಳೂ ಅಲ್ಲಿ ಜೋರಾಗಿವೆ. ನಮ್ಮಲ್ಲಿ ಆ ಜಗಳ ಇನ್ನೂ ಬಂದಿಲ್ಲ. ತೆಗೆಸಲು ಮೊದಲು ಪುಸ್ತಕ ಮಕ್ಕಳ ಕೈಗೆ ಬಂದಿರಬೇಕಲ್ಲ!

'ಹತ್ತನೇ ಕ್ಲಾಸು, ಮಾರ್ಕ್ಸ್ ಏನಾಗಬೇಕು' ಎನ್ನುವವರಿಗೆ ಒಂದೇ ಮಾತು. ವರ್ಷಕ್ಕೆ ಆರು ಕಾದಂಬರಿ ಓದಿದ ಮಗುವಿಗೆ ಪ್ರಬಂಧ ಬರೆಯುವುದನ್ನು ಬೇರೆ ಟ್ಯೂಷನ್ನಿನಲ್ಲಿ ಕಲಿಸಬೇಕಾಗಿಲ್ಲ.

ಬೀಗ ಹಾಕಿದ್ದು ಯಾಕೆ?

ಮೇಷ್ಟ್ರುಗಳನ್ನು ಬೈದು ಮುಗಿಸುವುದು ಸುಲಭ. ಬೈಯುವ ಮೊದಲು ಅವರ ಕಷ್ಟವನ್ನು ತಿಳಿಯಿರಿ. ನಮ್ಮ ಹೆಚ್ಚಿನ ಸ‌ರ್ಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರು ಎಂಬ ಹುದ್ದೆಯೇ ಇಲ್ಲ. ಯಾರೋ ಒಬ್ಬ ಶಿಕ್ಷಕರಿಗೆ 'ಲೈಬ್ರರಿ ಚಾರ್ಜು' ಬರುತ್ತದೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಚುನಾವಣೆ ಕೆಲಸ, ಗಣತಿ ಎಲ್ಲದರ ಮೇಲೆ ಇನ್ನೊಂದು. ಚಾರ್ಜು ಬಂತು ಅಂದರೆ ದಾಸ್ತಾನು ವಹಿ ಕೈಗೆ ಬಂತು. ವಹಿಯಲ್ಲಿ ನಾನೂರು ಪುಸ್ತಕ ಇದ್ದರೆ ಬೀರುವಿನಲ್ಲೂ ನಾನೂರು ಇರಬೇಕು. ತಪಾಸಣೆಗೆ ಬಂದವರು ಎಣಿಸುತ್ತಾರೆ. ಎಷ್ಟು ಮಕ್ಕಳು ಓದಿದರು ಎಂದು ಕೇಳುವುದಿಲ್ಲ, ಎಷ್ಟು ಕಡಿಮೆ ಇದೆ ಎಂದು ಕೇಳುತ್ತಾರೆ. ಕಳೆದ ಪುಸ್ತಕದ ದುಡ್ಡು ತನ್ನ ಮೇಲೆ ಬೀಳುತ್ತದೆ, ಚಾರ್ಜು ಬಿಟ್ಟುಕೊಡುವ ದಿನ ತಕರಾರು ಬರುತ್ತದೆ ಎಂಬ ಹೆದರಿಕೆ ಇರುವ ಯಾವ ಮನುಷ್ಯನೂ ಬೀಗ ಹಾಕದೆ ಇರುವುದಿಲ್ಲ. ಬೀಗ ಹಾಕಿದ ಬೀರುವಿನಿಂದ ಯಾವ ಪುಸ್ತಕವೂ ಕಳೆಯುವುದಿಲ್ಲ, ಲೆಕ್ಕ ಸರಿಯಾಗಿರುತ್ತದೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಮೇಷ್ಟ್ರ ಮೇಲಲ್ಲ, ಇಲಾಖೆಯ ಮೇಲೆ. ಮಕ್ಕಳು ಓದಿ ಹರಿದ, ಕಳೆದ ಕತೆ ಪುಸ್ತಕಕ್ಕೆ ಶಿಕ್ಷಕರನ್ನು ಹೊಣೆ ಮಾಡಬಾರದು. ವರ್ಷಕ್ಕೆ ಇಷ್ಟು ಪುಸ್ತಕ ಸವೆಯುತ್ತದೆ ಎಂದು ಒಪ್ಪಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆದು ವಹಿಯಿಂದ ತೆಗೆಯಲು ಲಿಖಿತ ಆದೇಶ ಬರಬೇಕು. ಓದಿ ಹರಿದ ಪುಸ್ತಕ ಶಾಲೆಗೆ ಗೌರವ, ಹೊಸದಾಗಿಯೇ ಉಳಿದದ್ದು ಅವಮಾನ. ತಪಾಸಣೆಯ ನಮೂನೆಯಲ್ಲಿ ಈ ಪ್ರಶ್ನೆಯೂ ಸೇರಲಿ: ಕಳೆದ ತಿಂಗಳು ಎಷ್ಟು ಪುಸ್ತಕ ಹೊರಗೆ ಹೋದವು?

ಇದು ನಮ್ಮ ಹೊಸ ತಲೆಹರಟೆ ಎಂದುಕೊಳ್ಳಬೇಡಿ. ಪುಸ್ತಕ ಇರುವುದು ಬಳಸುವುದಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂದು ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರ ಮಾಡಿ ಬರೆದಿಟ್ಟಿದ್ದಾರೆ. ಪ್ರಪಂಚದ ಗ್ರಂಥಾಲಯಗಳೆಲ್ಲ ಒಪ್ಪಿಕೊಂಡ ಆ ಮನುಷ್ಯ ಕೊನೆಯ ವರ್ಷಗಳನ್ನು ಕಳೆದದ್ದು, 1972ರಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲೇ. ಅವರು ಹುಟ್ಟಿದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಎಂದು ಆಚರಿಸುತ್ತೇವೆ, ಫೋಟೋಗೆ ಹಾರ ಹಾಕುತ್ತೇವೆ, ಬೀರು ಮುಚ್ಚಿಯೇ ಇರುತ್ತದೆ.

ದುಡ್ಡಿನ ಮಾತು

ದುಡ್ಡಿಲ್ಲ ಎನ್ನುವವರಿಗೆ ಇಷ್ಟು ಗೊತ್ತಿರಲಿ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲಿ ಎಂಟನೇ ತರಗತಿವರೆಗಿನ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆ, ಎಲ್ಲ ವಿಷಯದ ಪುಸ್ತಕ, ಕತೆ ಪುಸ್ತಕ ಇರಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಕತೆ ಪುಸ್ತಕ ಎಂಬ ಮಾತು ಕಾನೂನಿನಲ್ಲೇ ಇದೆ, ಗಮನಿಸಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಮಟ್ಟ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯಕ್ಕೆಂದೇ ಅನುದಾನಕ್ಕೆ ಅವಕಾಶ ಇದೆ. ಅದು ಬಂದಾಗ ಪುಸ್ತಕ ಆರಿಸುವವರು ಯಾರು? ಎಷ್ಟೋ ಕಡೆ ಮೇಲಿಂದ ಪಟ್ಟಿ ಬರುತ್ತದೆ, ಇಲ್ಲವೇ ವರ್ಷದ ಕೊನೆಗೆ ಖರ್ಚು ಹಾಕುವ ಗಡಿಬಿಡಿಯಲ್ಲಿ ಪೇಟೆಯ ಅಂಗಡಿಯವರು ಕಟ್ಟಿಕೊಟ್ಟ ಕಟ್ಟು ಬರುತ್ತದೆ. ಆ ಕಟ್ಟಿನಲ್ಲೇ ಒಬ್ಬರೇ ಮಹಾಪುರುಷರ ಆರೇಳು ಪ್ರತಿ ಬರುವುದು.

ನಿಮ್ಮ ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಗ್ರಂಥಾಲಯ ಕರ ಎಂಬ ಸಾಲು ಕಾಣುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ತೆಗೆದುಕೊಳ್ಳುವ ಕರ ಅದು. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ಅಂದರೆ ಈ ಊರಿನಲ್ಲಿ ಮನೆ ಇರುವ ಪ್ರತಿಯೊಬ್ಬರೂ ಲೈಬ್ರರಿಗೆ ಚಂದಾ ಕಟ್ಟುತ್ತಿದ್ದೀರಿ. ಕೇಳುವ ಹಕ್ಕು ನಿಮಗೆ ಇದೆ.

ಹಳ್ಳಿಗಳಲ್ಲಿ ಇನ್ನೊಂದು ಬಾಗಿಲು ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಎಂಬ ಹೆಸರಿನಲ್ಲಿವೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಇವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಒಳ್ಳೆಯ ಕೆಲಸ, ಮೆಚ್ಚಬೇಕಾದ್ದೇ. ಆದರೆ ಅಲ್ಲೂ ಹದಿನೈದರ ಹುಡುಗನಿಗೆ ತೋರಿಸುವುದು ಸ್ಪರ್ಧಾತ್ಮಕ ಪರೀಕ್ಷೆಯ ಕಪಾಟನ್ನೇ. ಅದರ ಪಕ್ಕದಲ್ಲಿ ಹದಿಹರೆಯದವರ ಕತೆ, ಕಾದಂಬರಿಗಳಿಗೆ ಒಂದು ಕಪಾಟು ಬೇರೆಯಾಗಿಯೇ ಇರಲಿ ಎನ್ನುವುದು ನಮ್ಮ ಎರಡನೇ ಬೇಡಿಕೆ. ಹುಡುಗಿಯರು ಸಂಜೆ ಅಲ್ಲಿಗೆ ಹೋಗಲು ಮನೆಯವರು ಬಿಡಬೇಕು; ಇದು ಪಂಚಾಯಿತಿಗೆ ಕೇಳುವ ಬೇಡಿಕೆ ಅಲ್ಲ, ನಿಮಗೆ ಕೇಳುವುದು.

ಈಗ ಏನು ಮಾಡೋಣ

ಮೊದಲು ಮಕ್ಕಳೇ, ನಿಮ್ಮ ಕೆಲಸ. ಕಾನೂನು, ಇಲಾಖೆ ಎಲ್ಲ ನಮಗೆ ಬಿಡಿ. ನಿಮಗೆ ಯಾವ ಪುಸ್ತಕ ಬೇಕು ಅಂತ ತರಗತಿಯಲ್ಲಿ ಒಂದು ಹಾಳೆ ಹರಿಬಿಡಿ. ಹೆಸರು ಗೊತ್ತಿಲ್ಲದಿದ್ದರೆ ಯಾರ ಬಗ್ಗೆ, ಎಂಥ ಕತೆ ಬೇಕು ಅಂತ ಬರೆಯಿರಿ. ದೆವ್ವದ ಕತೆ, ಕಬಡ್ಡಿಯ ಕತೆ, ಪ್ರೀತಿಯ ಕತೆ ಎಂದು ಬರೆದರೂ ಯಾರೂ ನಗಬಾರದು. ಆ ಹಾಳೆಯನ್ನು ನವೆಂಬರಿನಲ್ಲಿ ಮಕ್ಕಳ ದಿನದ ಸುಮಾರಿಗೆ ನಡೆಯುವ ಮಕ್ಕಳ ಗ್ರಾಮಸಭೆಗೆ ತನ್ನಿ, ಅಧ್ಯಕ್ಷರ ಎದುರು ಓದಿ, ನಡಾವಳಿಯಲ್ಲಿ ಬರೆಸಿ. ಕುಡಿಯುವ ನೀರು, ಶೌಚಾಲಯದ ಜೊತೆ ಪುಸ್ತಕವೂ ನಡಾವಳಿಯಲ್ಲಿ ಬಂದರೆ ಪಂಚಾಯಿತಿ ಉತ್ತರ ಕೊಡಬೇಕಾಗುತ್ತದೆ.

ಪೋಷಕರೇ, ಎಸ್‌ಡಿಎಂಸಿ ಸಭೆ ಎಂದರೆ ಸಹಿ ಹಾಕಿ ಟೀ ಕುಡಿದು ಬರುವುದಲ್ಲ. ಈ ವರ್ಷದ ಗ್ರಂಥಾಲಯ ಅನುದಾನ ಎಷ್ಟು ಬಂತು, ಏನು ಕೊಂಡಿರಿ, ಪಟ್ಟಿ ಯಾರು ಮಾಡಿದರು ಎಂದು ಮರ್ಯಾದೆಯಿಂದ ಕೇಳಿ. ಮುಂದಿನ ಪಟ್ಟಿಗೆ ಇಬ್ಬರು ಶಿಕ್ಷಕರು, ಇಬ್ಬರು ಪೋಷಕರು, ನಾಲ್ಕು ಜನ ವಿದ್ಯಾರ್ಥಿಗಳು ಕೂರಲಿ, ಆ ನಾಲ್ವರಲ್ಲಿ ಇಬ್ಬರಾದರೂ ಹುಡುಗಿಯರಿರಲಿ, ಕೇರಿಯವರು, ತಾಂಡಾದವರು ಇರಲಿ. ಒಂದೇ ಪುಸ್ತಕದ ಹತ್ತು ಪ್ರತಿ ಬೇಡ, ಹತ್ತು ಪುಸ್ತಕದ ಒಂದೊಂದು ಪ್ರತಿ ಬರಲಿ. ಉರ್ದು ಶಾಲೆಯಿದ್ದರೆ ಉರ್ದು ಕತೆ ಪುಸ್ತಕವೂ ಬರಲಿ. ಕಣ್ಣು ಕಾಣದ ಮಗು ಶಾಲೆಯಲ್ಲಿದ್ದರೆ ಬ್ರೈಲ್ ಪುಸ್ತಕವನ್ನೋ ಕೇಳುವ ಪುಸ್ತಕವನ್ನೋ ತರಿಸಿ. ಬ್ರೈಲ್ ಅಚ್ಚು ಹಾಕುವ ಸರ್ಕಾರಿ ಮುದ್ರಣಾಲಯ ಮೈಸೂರಿನಲ್ಲೇ ಇದೆ. ಅನುದಾನದ ಲೆಕ್ಕ ಕೇಳಿದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದ್ದೇ ಇದೆ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, ನೂರೈವತ್ತು ಪದದೊಳಗೆ ಬರೆಯಬೇಕು, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಆದರೆ ಇದನ್ನು ಕೊನೆಗೆ ಇಟ್ಟುಕೊಳ್ಳಿ. ಬಾಯಲ್ಲಿ ಕೇಳಿದರೆ ಕೊಡುವ ಹೆಡ್‌ಮಾಸ್ಟರಿಗೆ ಅರ್ಜಿ ಹಾಕಿ ಹೆದರಿಸುವುದರಿಂದ ಇನ್ನೊಂದು ಬೀಗ ಬೀಳುತ್ತದೆ, ಅಷ್ಟೆ.

ಶಿಕ್ಷಕರೇ, ವೇಳಾಪಟ್ಟಿಯಲ್ಲಿ ಲೈಬ್ರರಿ ಪಿರಿಯಡ್ ಎಂದು ಬರೆದು ಅದರಲ್ಲಿ ಗಣಿತ ಮಾಡುವುದನ್ನು ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇವೆ. ಪುಸ್ತಕ ಕೊಟ್ಟ ಮೇಲೆ ಸಾರಾಂಶ ಬರೆಸಬೇಡಿ, ಪರೀಕ್ಷೆ ಇಡಬೇಡಿ, ನೀತಿ ಕೇಳಬೇಡಿ. ನೀವೂ ಆ ಪುಸ್ತಕ ಓದಿ, ಅಷ್ಟು ಸಾಕು. ಲೆಕ್ಕದ ವಹಿಯನ್ನು ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಡಿ. ಹತ್ತನೇ ಕ್ಲಾಸಿನ ಮಕ್ಕಳು ಅದನ್ನು ನಮಗಿಂತ ಚೆನ್ನಾಗಿ ಇಡುತ್ತಾರೆ.

ಊರಿನ ಅಂಗಡಿಯವರೇ, ಯುವಕ ಸಂಘದವರೇ, ಗಣಪತಿ ಸಮಿತಿಯವರೇ, ಉರೂಸ್ ಕಮಿಟಿಯವರೇ, ಚರ್ಚಿನ ಹಬ್ಬದವರೇ! ಒಂದು ಫ್ಲೆಕ್ಸ್ ಕಡಿಮೆ ಮಾಡಿ. ಮೇಲೆ ಹೇಳಿದ ಕಾದಂಬರಿಗಳಲ್ಲಿ ಹೆಚ್ಚಿನವು ಪೇಟೆಯ ಸಿನಿಮಾ ಟಿಕೆಟ್ಟಿನ ಬೆಲೆಯವು. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿಯೂ ಸಿಗುತ್ತದೆ. ಆದರೆ ಮನೆಯಲ್ಲಿ ಬೇಡವಾದ ಹಳೆಯ ಪುಸ್ತಕ ತಂದು ಶಾಲೆಗೆ ಸುರಿಯಬೇಡಿ. ಲೈಬ್ರರಿ ರದ್ದಿ ಅಂಗಡಿಯಲ್ಲ. ಮಕ್ಕಳು ಬರೆದ ಪಟ್ಟಿ ನೋಡಿ, ಅದರಲ್ಲಿರುವುದನ್ನೇ ಕೊಡಿಸಿ.

ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಆ ವಾರದ ಯಾವುದಾದರೊಂದು ದಿನ ನಿಮ್ಮ ಮಗಳು, ಮಗ ಓದುವ ಶಾಲೆಗೆ ಹೋಗಿ. ಭಾಷಣಕ್ಕೆ ಬೇಡ, ಬೀರು ತೆರೆದಿದೆಯೇ ಎಂದು ನೋಡಲು ಹೋಗಿ. ತೆರೆದಿದ್ದರೆ ಅಲ್ಲಿರುವ ಮೇಷ್ಟ್ರಿಗೆ, ಟೀಚರಿಗೆ ಒಂದು ಶಹಬ್ಬಾಸ್ ಹೇಳಿ ಬನ್ನಿ. ಮುಚ್ಚಿದ್ದರೆ ಇನ್ನಿಬ್ಬರು ಪೋಷಕರನ್ನು ಕರೆದುಕೊಂಡು ಮಾರನೆಯ ದಿನ ಮತ್ತೆ ಹೋಗಿ.

ಈ ಕರಪತ್ರ ಓದಿ ಎಸೆಯಬೇಡಿ, ಇನ್ನೊಬ್ಬರಿಗೆ ಕೊಡಿ. ಓದಲು ಬಾರದ ಹಿರಿಯರಿಗೆ ಮಕ್ಕಳ ಕೈಯಲ್ಲಿ ಓದಿಸಿ.

— ಊರಿನ ಕೆಲವು ಪೋಷಕರು, ಶಿಕ್ಷಕರು ಮತ್ತು ಓದುಗ ಮಿತ್ರರು